ನಲ್ಲಿ ಕೂರಿಸಿದಾಗ ಹಣವೋ, ನೀರು ಬಂದ ಮೇಲೆ ಹಣವೋ: ಬಡವರ ಮನೆಗೆ ಸೌಲಭ್ಯ ತಲುಪಿಸುವ ಸಹಾಯಧನಗಳ ಹೋಲಿಕೆ

ಬೆಂಗಳೂರಿನಲ್ಲಿ ಲೀಟರ್ ಲೆಕ್ಕದಲ್ಲಿ ನೀರಿಗೆ ಹೆಚ್ಚು ಬೆಲೆ ತೆರುವವರು ಬಡವರೇ. ಜಲಮಂಡಳಿಯ ಗೃಹಬಳಕೆಯ ಮೊದಲ ಹಂತದ ದರ 2014ರ ಕೊನೆಯಿಂದ 2025ರ ಏಪ್ರಿಲ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. ಅದೇ ವರ್ಷಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತು, 5 ರೂಪಾಯಿ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡವರು ಸಾವಿರ ಲೀಟರಿಗೆ 250 ರೂಪಾಯಿ ಕೊಟ್ಟಂತಾಯಿತು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ಮಿತಿ ಹಾಕಿ ನಿಗದಿ ಮಾಡಿದ ದರವೇ 6,000 ಲೀಟರಿಗೆ 600 ರೂಪಾಯಿ, ಅಂದರೆ ಸಾವಿರಕ್ಕೆ 100. ನಲ್ಲಿ ನೀರಿನ ಬಿಲ್ಲಿಗೆ ಒಳಚರಂಡಿ ಶುಲ್ಕ, ಕನಿಷ್ಠ ಶುಲ್ಕ ಎಲ್ಲವನ್ನೂ ಸೇರಿಸಿದರೂ ಈ ಅಂತರ ಮುಚ್ಚುವುದಿಲ್ಲ.

ಹಾಗಾಗಿ ತಿಂಗಳ ಬಿಲ್ ಕಟ್ಟುವ ಶಕ್ತಿ ಬಡವರಿಗಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಬಳಿ ಇಲ್ಲದಿರುವುದು ಸಂಪರ್ಕಕ್ಕೆ ಒಂದೇ ಸಲ ಕಟ್ಟಬೇಕಾದ ಇಡುಗಂಟು: ಸಂಪರ್ಕ ಶುಲ್ಕ, ರಸ್ತೆ ಅಗೆತದ ಶುಲ್ಕ, ಮೀಟರು, ಪೈಪು, ಪ್ಲಂಬರನ ಕೂಲಿ. ಈ ಇಡುಗಂಟನ್ನು ಹೊರಗಿನವರು ತುಂಬಿಕೊಟ್ಟರೆ ಆ ಮನೆ ಮುಂದಕ್ಕೆ ತಾನೇ ನಡೆಸಿಕೊಂಡು ಹೋಗುತ್ತದೆ. ದಾನದ ಹಣ ಇಷ್ಟು ದೂರ ಓಡುವ ಜಾಗ ನಗರದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಆದರೆ ತುಂಬಿಕೊಡುವುದು ಹೇಗೆ? ಗುತ್ತಿಗೆದಾರರಿಗೆ ಮುಂಗಡವಾಗಿಯೇ, ಕೆಲಸ ಮುಗಿದ ಮೇಲೆಯೇ, ಮನೆಯವರ ಖಾತೆಗೇ, ಬಿಲ್ಲಿನಲ್ಲಿ ರಿಯಾಯಿತಿಯಾಗಿಯೇ? ಸಾಮಾಜಿಕ ಹೊಣೆಗಾರಿಕೆಯ ನಿಧಿ ನೋಡಿಕೊಳ್ಳುವ ಕಂಪನಿಯ ಅಧಿಕಾರಿ, ಸಣ್ಣ ಟ್ರಸ್ಟಿನ ಟ್ರಸ್ಟಿ, ಪಕ್ಕದ ಕೊಳೆಗೇರಿಗೆ ಏನಾದರೂ ಮಾಡಬೇಕೆಂದು ಹಣ ಕೂಡಿಸಿದ ಅಪಾರ್ಟ್‌ಮೆಂಟ್ ಸಂಘ, ವಾರ್ಡ್ ಸಮಿತಿಯ ಸದಸ್ಯ ಹೀಗೆ ಯಾರೇ ಆಗಲಿ ಈ ಪ್ರಶ್ನೆಗೆ ಉತ್ತರಿಸಿಯೇ ಚೆಕ್ ಬರೆಯಬೇಕು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗೆ ನೀರನ್ನೇ ಹೆಚ್ಚು ಹಿಡಿದಿದ್ದೇನೆ. ಒಳಚರಂಡಿ, ಶೌಚಾಲಯ, ವಿದ್ಯುತ್ತು, ಅಡುಗೆ ಅನಿಲಕ್ಕೂ ವಾದ ಬಹುಮಟ್ಟಿಗೆ ಅದೇ.

ಮುಂಗಡ ಅನುದಾನ

ನಮಗೆಲ್ಲ ಗೊತ್ತಿರುವ ದಾರಿ ಇದು. ಅಂದಾಜು ಪಟ್ಟಿ ಬರುತ್ತದೆ, ಹಣ ಬಿಡುಗಡೆಯಾಗುತ್ತದೆ, ಕಾಮಗಾರಿ ನಡೆಯುತ್ತದೆ, ಫಲಕ ಬೀಳುತ್ತದೆ. ಹಣ ಕೊಟ್ಟವರು ಖರ್ಚಿನ ರಸೀದಿ ನೋಡುತ್ತಾರೆ. ನಲ್ಲಿಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಇದರ ದೋಷ ನೋಡಲು ದೂರ ಹೋಗಬೇಕಿಲ್ಲ. ನಗರದ ಶುದ್ಧ ನೀರಿನ ಘಟಕಗಳಲ್ಲಿ ಹಲವು 2024ರ ಬೇಸಿಗೆಯಲ್ಲಿ, ಜನರಿಗೆ ಅವು ಅತಿ ಹೆಚ್ಚು ಬೇಕಾಗಿದ್ದ ತಿಂಗಳುಗಳಲ್ಲೇ, ಕೊಳವೆಬಾವಿ ಬತ್ತಿ ಬಾಗಿಲು ಹಾಕಿದವು. ಘಟಕ ಕಟ್ಟುವುದಕ್ಕೆ ಹಣ ಕೊಟ್ಟಿದ್ದರೇ ಹೊರತು ಅದರಿಂದ ನೀರು ಬರುತ್ತಲೇ ಇರುವುದಕ್ಕೆ ಯಾರೂ ಹಣ ಕಟ್ಟಿಟ್ಟಿರಲಿಲ್ಲ. ಕಟ್ಟಿದವರ ಲೆಕ್ಕ ಚುಕ್ತಾ ಆಗಿ ವರ್ಷಗಳಾಗಿದ್ದವು.

ಮುಂಗಡದ ಹೊರೆಯನ್ನು ಜನರೇ ಹೊತ್ತ ಪ್ರಕರಣವೂ ನಮ್ಮಲ್ಲಿದೆ. 2000ದ ದಶಕದ ಬೃಹತ್ ಬೆಂಗಳೂರು ನೀರು ಮತ್ತು ಒಳಚರಂಡಿ ಯೋಜನೆಯಲ್ಲಿ ನಗರದ ಸುತ್ತಲಿನ ಎಂಟು ಸ್ಥಳೀಯ ಸಂಸ್ಥೆಗಳ ನಿವಾಸಿಗಳಿಂದ ಫಲಾನುಭವಿ ವಂತಿಗೆ ಸಂಗ್ರಹಿಸಲಾಯಿತು. ಯೋಜನೆಗೆಂದು 2005ರಲ್ಲಿ ಪೂಲ್ಡ್ ಫಂಡ್ ಬಾಂಡ್, ಅಂದರೆ ಈ ಸಂಸ್ಥೆಗಳೆಲ್ಲದರ ಪರವಾಗಿ ಒಟ್ಟಾಗಿ ಹೊರಡಿಸಿದ ಸಾಲಪತ್ರದ ಮೂಲಕ 100 ಕೋಟಿ ರೂಪಾಯಿ ಸಾಲವನ್ನೂ ಎತ್ತಲಾಯಿತು. ಹಣ ಕಟ್ಟಿದ ಎಷ್ಟೋ ಮನೆಗಳು ನೀರಿಗಾಗಿ ವರ್ಷಗಟ್ಟಲೆ ಕಾದವು. ಹಣ ಮೊದಲು, ನೀರು ಆಮೇಲೆ ಎಂಬ ಕ್ರಮದಲ್ಲಿ ಕಾಯುವ ಕಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟಾದರೂ ಮುಂಗಡವನ್ನು ಪೂರ್ತಿ ತಳ್ಳಿಹಾಕಬೇಡಿ. ಮುಖ್ಯ ಕೊಳವೆ ಮಾರ್ಗವೇ ಹತ್ತಿರವಿಲ್ಲದ ಕಡೆ, ಕೊಳೆಗೇರಿ ಅಭಿವೃದ್ಧಿ ಮಂಡಳಿ ಕೊಳೆಗೇರಿ ಎಂದು ಘೋಷಿಸದ ಜೋಪಡಿಗಳಲ್ಲಿ, ಕೆಲಸ ಮಾಡಲು ಸಿಕ್ಕವರು ಒಂದು ಸ್ವಸಹಾಯ ಸಂಘವೋ ಸಣ್ಣ ಸಂಸ್ಥೆಯೋ ಆಗಿರುವಾಗ, ಕೈಯಲ್ಲಿ ಹಣವಿಲ್ಲದೆ ಒಂದು ಪೈಪೂ ಬರುವುದಿಲ್ಲ. ಅಲ್ಲಿ ಮುಂಗಡವೇ ಸರಿ.

ಫಲ ಕಂಡ ಮೇಲೆ ಹಣ

ಕೆಲಸ ಮುಗಿದು ಸೇವೆ ಸಿಕ್ಕ ಮೇಲಷ್ಟೇ ಹಣ ಕೊಡುವುದು ಹೊಸ ವಿಚಾರದಂತೆ ಕೇಳಿದರೂ ಬೆಂಗಳೂರಿನ ಹೆಣ್ಣುಮಕ್ಕಳು ಇದನ್ನು ದಿನವೂ ಕೈಯಲ್ಲಿ ಹಿಡಿಯುತ್ತಾರೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ನೋಡಿ. ದುಡ್ಡು ಕೊಡಬೇಕಿಲ್ಲ ಎಂದ ಮೇಲೆ ಟಿಕೆಟ್ ಏಕೆ? ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟ್‌ಗಳ ಲೆಕ್ಕದ ಮೇಲೆ. ಬಸ್ಸು ಓಡಿ, ಮಹಿಳೆ ಅದರಲ್ಲಿ ಕೂತು ಪ್ರಯಾಣಿಸಿದ ಮೇಲೆಯೇ ಸಹಾಯಧನ ಹುಟ್ಟುತ್ತದೆ. ಟಿಕೆಟ್ಟೇ ಪುರಾವೆ. ಸರ್ಕಾರದ ಕಡೆಯಿಂದ ಬರಬೇಕಾದ ಹಣ ತಡವಾದಾಗ ನಿಗಮಗಳು ಹೇಗೆ ಹೊಯ್ದಾಡುತ್ತವೆ ಎಂಬುದನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಈ ಪದ್ಧತಿಯ ಬಲವೂ ಕುಂದೂ ಆ ಒಂದು ಚೀಟಿಯಲ್ಲೇ ಇವೆ.

ನೀರಿನಲ್ಲಿ ಇದಕ್ಕೆ ಒಳ್ಳೆಯ ಮಾದರಿ ಫಿಲಿಪ್ಪೀನ್ಸ್‌ನ ಮನಿಲಾದ್ದು. ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರ 2003ರಲ್ಲಿ ಹುಟ್ಟುಹಾಕಿದ ಪಾಲುದಾರಿಕೆ ನಿಧಿಯೊಂದು ಮನಿಲಾದ ಪೂರ್ವ ವಲಯದಲ್ಲಿ ನೀರು ಪೂರೈಸುವ ಕಂಪನಿಯೊಂದಿಗೆ 2007ರಲ್ಲಿ ಒಪ್ಪಂದ ಮಾಡಿಕೊಂಡಿತು. ಬಡ ಮನೆಗಳಿಗೆ ಸಂಪರ್ಕ ಕೊಡುವ ಖರ್ಚನ್ನು ಮೊದಲು ಕಂಪನಿಯೇ ಹಾಕಬೇಕು. ನಲ್ಲಿ ಕೂತು, ಮೂರು ತಿಂಗಳು ನೀರು ಸರಿಯಾಗಿ ಬಂದದ್ದನ್ನು ಹೊರಗಿನ ತಪಾಸಣೆದಾರರು ಖಚಿತಪಡಿಸಿದ ಮೇಲೆ ಮನೆಗಿಷ್ಟು ಎಂದು ಸಹಾಯಧನ. ಕೆಲಸ ಸಾಗಿತು. ಆದರೆ ಒಂದನ್ನು ಮರೆಯಬಾರದು: ಆ ಕಂಪನಿಗೆ ಬೊಕ್ಕಸದ ಬಲವಿತ್ತು, ಮೂರು ತಿಂಗಳಲ್ಲ, ಒಂದು ವರ್ಷ ಕಾಯಬಲ್ಲ ಶಕ್ತಿಯಿತ್ತು.

ನಮ್ಮ ರಾಜ್ಯದಲ್ಲೂ ಇದರ ಹತ್ತಿರದ ಅನುಭವವಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಾಗ, ನಿರ್ವಹಣೆ ವಹಿಸಿಕೊಂಡ ಕಂಪನಿಯ ಸಂಭಾವನೆಯ ಒಂದು ಭಾಗ ಸೇವೆಯ ಗುರಿ ಮುಟ್ಟುವುದಕ್ಕೆ ಕಟ್ಟುಬಿದ್ದಿತ್ತು. ವಾರಕ್ಕೊಮ್ಮೆ ನೀರು ಕಾಣುತ್ತಿದ್ದ ಊರುಗಳಲ್ಲಿ ಆ ವಲಯಗಳ ನಲ್ಲಿ ಯಾವಾಗ ತಿರುಗಿಸಿದರೂ ನೀರು ಬರುವಂತಾಯಿತು.

ಫಲ ಎಂದರೆ ಯಾವುದು ಎಂಬುದನ್ನು ತೀರ್ಮಾನಿಸುವುದೇ ಈ ದಾರಿಯ ಅತ್ಯಂತ ಕಷ್ಟದ ಕೆಲಸ. ನಲ್ಲಿ ಕೂತದ್ದೇ ಫಲವೇ? ಅದರಲ್ಲಿ ನೀರು ಬಂದದ್ದೇ? ಮೂರು ತಿಂಗಳು ಬಿಡದೆ ಬಂದದ್ದೇ? ಆ ಮನೆಯ ಮಕ್ಕಳಿಗೆ ವಾಂತಿಭೇದಿ ಕಡಿಮೆಯಾದದ್ದೇ? ಈ ಮೆಟ್ಟಿಲುಗಳಲ್ಲಿ ತೀರಾ ಕೆಳಗೆ ನಿಂತರೆ ಹಣ ಪೋಲು. ತೀರಾ ಮೇಲೆ ಹೋದರೆ ಕೆಲಸ ಮಾಡುವವರ ಕೈಯಲ್ಲಿಲ್ಲದ ವಿಷಯಕ್ಕೆ ಅವರನ್ನು ಹೊಣೆ ಮಾಡಿದಂತೆ.

ಕೆಳಗಿನ ಮೆಟ್ಟಿಲಿನ ಪಾಠ ಅಡುಗೆ ಅನಿಲದ ಉಜ್ವಲಾ ಯೋಜನೆಯಿಂದ ಸಿಕ್ಕಿದೆ. 2016ರ ಮೇ 1ರಂದು ಆರಂಭವಾದ ಆ ಯೋಜನೆಯಲ್ಲಿ ಪ್ರತಿ ಸಂಪರ್ಕಕ್ಕೆ ಸರ್ಕಾರ 1,600 ರೂಪಾಯಿ ಕೊಟ್ಟಿತು. ಎಣಿಕೆ ನಡೆದದ್ದು ಸಂಪರ್ಕಗಳದ್ದು, ಹಾಗಾಗಿ ಸಂಪರ್ಕಗಳು ಕೋಟಿಗಟ್ಟಲೆ ಬೆಳೆದವು. ಸಿಲಿಂಡರ್ ಖಾಲಿಯಾದ ಮೇಲೆ ಮತ್ತೆ ತುಂಬಿಸಲು ಹಣ ಹೊಂದಿಸಲಾರದೆ ಸೌದೆಗೆ ಮರಳಿದ ಮನೆಗಳು ಆ ಎಣಿಕೆಯಲ್ಲಿ ಕಾಣಲೇ ಇಲ್ಲ. ಕೊನೆಗೆ 2022ರ ಮೇ ತಿಂಗಳಲ್ಲಿ ಮರುಪೂರಣಕ್ಕೆ 200 ರೂಪಾಯಿ, 2023ರ ಅಕ್ಟೋಬರ್‌ನಲ್ಲಿ 300 ರೂಪಾಯಿ ಸಹಾಯಧನ ಕೊಡಬೇಕಾಯಿತು. ಇದಕ್ಕೆ ಹೋಲಿಸಿದರೆ ಗ್ರಾಮೀಣ ಮನೆಗಳಿಗೆಂದು 2019ರಲ್ಲಿ ಬಂದ ಜಲ ಜೀವನ್ ಮಿಷನ್ ಕಾಗದದ ಮೇಲಾದರೂ ಎಚ್ಚರ ವಹಿಸಿತು. ತಲೆಗೆ ದಿನಕ್ಕೆ 55 ಲೀಟರ್, ನಿಗದಿತ ಗುಣಮಟ್ಟದ ನೀರು, ನಿಯಮಿತವಾಗಿ ಬಂದರೆ ಮಾತ್ರ ಅದು ಕೆಲಸ ಮಾಡುವ ನಲ್ಲಿ ಎಂದು ವ್ಯಾಖ್ಯಾನ ಬರೆಯಿತು. ನಿಮ್ಮ ಒಪ್ಪಂದದಲ್ಲೂ ಇಂಥದೊಂದು ವಾಕ್ಯ ಇರಲೇಬೇಕು.

ಬೆಂಗಳೂರಿನ ಕೊಳೆಗೇರಿಯ ಒಂದು ಓಣಿಯಲ್ಲಿ ನಿಂತು ನೋಡಿದರೆ ಈ ವಾಕ್ಯದ ಬೆಲೆ ತಿಳಿಯುತ್ತದೆ. ಓಣಿಯ ಬಾಯಲ್ಲಿರುವ ಮನೆಗೆ ನಲ್ಲಿ ಎದೆಯೆತ್ತರದಲ್ಲಿದೆ. ನಾಲ್ಕು ಮನೆ ಒಳಗೆ ಹೋದರೆ ಒತ್ತಡ ಸಾಲದೆ ನಲ್ಲಿ ಮೊಣಕಾಲಿಗೆ ಇಳಿದಿದೆ. ಇನ್ನೂ ಒಳಗೆ ಬಾಗಿಲ ಮುಂದೆಯೇ ಗುಂಡಿ ತೋಡಿ, ನೆಲಮಟ್ಟಕ್ಕಿಂತ ಕೆಳಗೆ ಪೈಪಿನ ಬಾಯಿ ಬಿಟ್ಟು, ಅದರೊಳಗೆ ಬಿಂದಿಗೆ ಇಳಿಸಿ ತುಂಬುತ್ತಾರೆ. ಚರಂಡಿ ಪಕ್ಕದಲ್ಲೇ. ಕೊನೆಯ ಮನೆಗೆ ಬರುವ ಹೊತ್ತಿಗೆ ಮೀಟರ್ ಪೆಟ್ಟಿಗೆಯ ಮೇಲೆ ಧೂಳು, ಅಂಗಳದಲ್ಲಿ ನೀಲಿ ಡ್ರಮ್ಮುಗಳ ಸಾಲು. ಈ ಅಷ್ಟೂ ಮನೆಗಳನ್ನು ‘ಸಂಪರ್ಕ ಪಡೆದ ಮನೆ’ ಎಂದು ಒಂದೇ ಕಾಲಮ್ಮಿನಲ್ಲಿ ಬರೆಯಬಹುದು. ಬರೆದೂ ಇರುತ್ತಾರೆ. ಓಣಿಯ ಕೊನೆಯ ಮನೆಗೆ ಮೊದಲ ಮನೆಯಷ್ಟೇ ಹಣ ಎಂದು ಒಪ್ಪಂದ ಹೇಳಿದರೆ ಯಾವ ಗುತ್ತಿಗೆದಾರನೂ ಒಳಗೆ ಹೋಗುವುದಿಲ್ಲ. ರಸ್ತೆಯ ಬದಿಯ ಮನೆಗಳನ್ನೇ ಎಣಿಸಿ ಬಿಲ್ ಮಾಡುತ್ತಾನೆ. ಅದಕ್ಕೆ ಮದ್ದು ಎರಡು. ಒಳಗಿನ ಮನೆಗೆ ಹೆಚ್ಚಿನ ದರ ಕಟ್ಟಿ. ಇಲ್ಲವೇ ಓಣಿಯನ್ನೇ ಒಂದು ಘಟಕವೆಂದು ಹಿಡಿದು, ಕೊನೆಯ ಮನೆಗೂ ನೀರು ಹತ್ತಿದ ಮೇಲೆ ಇಡೀ ಓಣಿಯ ಹಣ ಬಿಡಿ. ನನಗೆ ಎರಡನೆಯದೇ ಹೆಚ್ಚು ಇಷ್ಟ, ಏಕೆಂದರೆ ಆಗ ಓಣಿಯ ಜನರೇ ಗುತ್ತಿಗೆದಾರನ ಬೆನ್ನು ಹತ್ತುತ್ತಾರೆ.

ಬಾಡಿಗೆದಾರರ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಕೊಳೆಗೇರಿಗಳಲ್ಲಿ ಬಾಡಿಗೆಗಿರುವವರು ಕಡಿಮೆಯೇನಿಲ್ಲ. ಸಂಪರ್ಕ ಮಾಲೀಕನ ಹೆಸರಿಗೆ ಬರುತ್ತದೆ, ಬಿಲ್ಲಿನ ಆರ್.ಆರ್. ನಂಬರ್ ಅವನದು, ನೀರು ಬಂದ ಮೇಲೆ ಬಾಡಿಗೆ ಏರಿಸುವವನೂ ಅವನೇ. ಬಡವರಿಗೆಂದು ಇಟ್ಟ ಹಣ ಹೀಗೆ ದಾರಿ ತಪ್ಪದಿರಲು, ನಿಗದಿತ ಅವಧಿಯವರೆಗೆ ಬಾಡಿಗೆ ಏರಿಸುವುದಿಲ್ಲ ಎಂಬ ಮುಚ್ಚಳಿಕೆಯನ್ನು ಸಹಾಯಧನದ ಷರತ್ತಾಗಿ ಮಾಲೀಕನಿಂದ ಬರೆಸಿಕೊಳ್ಳಿ. ಪೂರ್ತಿ ರಕ್ಷಣೆ ಇದರಿಂದ ಸಿಗದು, ಆದರೆ ಬಾಡಿಗೆದಾರಳ ಕೈಗೆ ಒಂದು ಕಾಗದ ಸಿಗುತ್ತದೆ.

ಇನ್ನು ಕಾಯುವ ಪ್ರಶ್ನೆ. ಲೆಕ್ಕಕ್ಕೆ 200 ಮನೆಗಳ ಕೊಳೆಗೇರಿ, ಮನೆಗೆ 10,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಒಟ್ಟು 20 ಲಕ್ಷ. ಕಾಮಗಾರಿಗೆ ಐದು ತಿಂಗಳು, ಆಮೇಲೆ ಮೂರು ತಿಂಗಳ ತಪಾಸಣೆ. ಕೆಲಸ ಮಾಡುವವರು ಇಡೀ ಮೊತ್ತವನ್ನು ಶೇ 14ರ ಬಡ್ಡಿಗೆ ಎಂಟು ತಿಂಗಳು ಸಾಲ ಎತ್ತಿದರೆ ಬಡ್ಡಿಯೇ ಸುಮಾರು 1.87 ಲಕ್ಷ. ಈ ಹಣವನ್ನು ನೀವು ದರದಲ್ಲಿ ಸೇರಿಸದಿದ್ದರೆ ಅದು ಪೈಪಿನ ದಪ್ಪದಲ್ಲಿ, ಕೂಲಿಯವರ ಬಟವಾಡೆಯಲ್ಲಿ ಕಡಿತವಾಗುತ್ತದೆ. ಫಲ ನೋಡಿ ಹಣ ಕೊಡುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರು ಈ ಬಡ್ಡಿಯ ಮಾತು ಎತ್ತುವುದೇ ಇಲ್ಲ. ಎತ್ತಲೇಬೇಕು.

ಅಪಾಯವನ್ನು ತೀರಾ ಕೆಳಗಿನವರ ಹೆಗಲಿಗೆ ಜಾರಿಸಿದರೆ ಏನಾಗುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಿ. ಅವರ ಪ್ರೋತ್ಸಾಹಧನ ಮಾಡಿದ ಕೆಲಸಕ್ಕೆ ತಕ್ಕಂತೆ ಬರುತ್ತದೆ, ಅಂದರೆ ಅದೂ ಫಲಿತಾಂಶಕ್ಕೆ ಕಟ್ಟಿದ ಹಣವೇ. ಆದರೆ ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಹಣವಿಲ್ಲ. ಬೇರೆಯವರು ಮಾಡಬೇಕಾದ ನಮೂದು ತಪ್ಪಿದರೆ ಶಿಕ್ಷೆ ಮನೆ ಮನೆ ತಿರುಗಿದವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹೀಗೆ ನಿಜವಾಗುತ್ತದೆ. ನಿಶ್ಚಿತ ಗೌರವಧನ ಕೊಡಿ ಎಂದು ಅವರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಧರಣಿ ಕೂತದ್ದರ ಹಿಂದೆ ಈ ನೋವೂ ಇತ್ತು. ಫಲಕ್ಕೆ ಹಣ ಕಟ್ಟುವುದಾದರೆ ಸಂಸ್ಥೆಗೆ ಕಟ್ಟಿ, ಕಂಪನಿಗೆ ಕಟ್ಟಿ. ದಿನಗೂಲಿಯವರಿಗೆ, ಗೌರವಧನದ ಮೇಲೆ ದುಡಿಯುವ ಹೆಣ್ಣುಮಕ್ಕಳಿಗೆ ಅದನ್ನು ದಾಟಿಸಲು ಬಿಡಬೇಡಿ. ಈ ಷರತ್ತನ್ನು ಒಪ್ಪಂದದಲ್ಲಿ ಬರೆಯದ ಯಾವ ಯೋಜನೆಗೂ ನಾನು ಬೆಂಬಲ ಕೊಡಲಾರೆ.

ಮನೆಯವರ ಖಾತೆಗೇ ನಗದು

ಬಡವರಿಗೆ ಏನು ಬೇಕೆಂದು ಬಡವರಿಗೇ ಗೊತ್ತು, ಅವರ ಕೈಗೇ ಹಣ ಕೊಡಿ ಎಂಬ ವಾದಕ್ಕೆ ನನ್ನ ಗೌರವವಿದೆ. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಆದ್ದರಿಂದ ನಗದಿಗೆ ಅರ್ಥವಿತ್ತು. ಕಿಲೋಗೆ 34ಕ್ಕೆ ಎಂಥ ಅಕ್ಕಿ ಸಿಗುತ್ತದೆ ಎಂಬ ಗೊಣಗಾಟವೂ ಇತ್ತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯೇ ಬಂತು.

ನೀರಿನ ಸಂಪರ್ಕ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಮನೆಯ ಖಾತೆಗೆ ಹತ್ತು ಸಾವಿರ ಹಾಕಿದರೂ ಓಣಿಗೆ ಕೊಳವೆ ಬಾರದಿದ್ದರೆ ಆ ಹಣದಿಂದ ಕೊಳ್ಳುವುದೇನು? ಎಲ್ಲರೂ ಒಟ್ಟಾಗಿ ಪಡೆಯಬೇಕಾದ ಸೌಲಭ್ಯಕ್ಕೆ ಒಬ್ಬೊಬ್ಬರ ಕೈಗೆ ಹಣ ಕೊಡುವ ದಾರಿ ಒಗ್ಗುವುದಿಲ್ಲ. ಶೌಚಾಲಯಕ್ಕೆ ಒಗ್ಗಬಹುದು, ಆದರೆ ಅಲ್ಲೂ ಎಚ್ಚರ ಬೇಕು. ಗ್ರಾಮೀಣ ಸ್ವಚ್ಛ ಭಾರತದಲ್ಲಿ ಶೌಚಾಲಯ ಕಟ್ಟಿ ಮುಗಿಸಿದವರಿಗೆ 12,000 ರೂಪಾಯಿ ಪ್ರೋತ್ಸಾಹಧನ ಎಂದಾಗ, ಮೊದಲು ಇಟ್ಟಿಗೆ ಸಿಮೆಂಟಿಗೆ ಹಣ ಹಾಕಲು ಆಗುವವರೇ ಬೇಗ ಕಟ್ಟಿಕೊಂಡರು. ತೀರಾ ಇಲ್ಲದವರು ಬಡ್ಡಿಗೆ ತರಬೇಕಾಯಿತು ಅಥವಾ ಹಿಂದೆ ಉಳಿದರು. ಫಲ ಕಂಡ ಮೇಲೆ ಹಣ ಎಂಬ ನಿಯಮವನ್ನು ಬಡ ಮನೆಯ ಮೇಲೆಯೇ ಹೇರಿದರೆ ಹೀಗಾಗುತ್ತದೆ.

ಬಿಲ್ಲಿನಲ್ಲಿ ರಿಯಾಯಿತಿ

ಚಿಲಿ ದೇಶ 1990ರಿಂದ ಹಿಡಿದಿರುವ ದಾರಿ ಇದು. ಬಡ ಕುಟುಂಬದ ತಿಂಗಳ ನೀರಿನ ಮೊದಲ ಕೆಲವು ಸಾವಿರ ಲೀಟರುಗಳ ಬಿಲ್ಲಿನಲ್ಲಿ ಒಂದು ಪಾಲನ್ನು ಸರ್ಕಾರ ಹೊರುತ್ತದೆ. ಕಂಪನಿ ನೀರು ಕೊಟ್ಟು ಬಿಲ್ ಮಾಡಿದ ಮೇಲೆಯೇ ಆ ಪಾಲು ಅದಕ್ಕೆ ಸಿಗುತ್ತದೆ. ಯಾರು ಬಡವರು ಎಂಬುದನ್ನು ಮನೆ ಮನೆಯ ಸಮೀಕ್ಷೆಯಿಂದ ಗುರುತಿಸುತ್ತಾರೆ. ನಮ್ಮ ಗೃಹಜ್ಯೋತಿಯೂ ಬಳಕೆಯ ಲೆಕ್ಕದ ಮೇಲೆ ನಡೆಯುವ ಸಹಾಯಧನ: 200 ಯೂನಿಟ್ ಮಿತಿಯೊಳಗೆ, 2022-23ರ ಸರಾಸರಿ ಬಳಕೆಗೆ ಒಂದಿಷ್ಟು ಹೆಚ್ಚುವರಿ ಸೇರಿಸಿ, ಅಷ್ಟರವರೆಗೆ ಶೂನ್ಯ ಬಿಲ್. ಆದರೆ ಇದು ಬಡವರನ್ನು ಬೇರೆಯಾಗಿ ಗುರುತಿಸುವುದಿಲ್ಲ.

ಈಗಾಗಲೇ ಮೀಟರ್ ಇರುವವರಿಗೆ ಇದು ದೊಡ್ಡ ಆಸರೆ. ಮೀಟರೇ ಇಲ್ಲದವರಿಗೆ, ಪಕ್ಕದ ಮನೆಯಿಂದ ವೈರ್ ಎಳೆದುಕೊಂಡು ತಿಂಗಳಿಗಿಷ್ಟು ಎಂದು ಕೊಡುವವರಿಗೆ ಒಂದು ಪೈಸೆಯೂ ತಲುಪುವುದಿಲ್ಲ. ಖಾಸಗಿ ದಾನಿಗಳಿಗೆ ಇದು ಸೂಕ್ತವಲ್ಲ. ವರ್ಷ ವರ್ಷವೂ ಕೊಡುತ್ತಲೇ ಇರಬೇಕಾದ್ದನ್ನು ಸರ್ಕಾರಕ್ಕೇ ಬಿಡಬೇಕು.

ಸಾಲ, ಬಡ್ಡಿ ನೆರವು, ಕಂತು

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2003ರಲ್ಲಿ ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಮನೆ ಸೌರದೀಪಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡಿಸಿತು. ಸಾಲದ ಬಡ್ಡಿಯ ಒಂದು ಪಾಲನ್ನು ತಾನು ಹೊತ್ತು, ಕ್ರಮೇಣ ಆ ಪಾಲನ್ನು ಇಳಿಸಿತು. ಬಾಂಗ್ಲಾದೇಶ ಅದೇ 2003ರಲ್ಲಿ ಇನ್ನೂ ಗಟ್ಟಿಯಾದ ಕ್ರಮ ಹಿಡಿಯಿತು. ಅಲ್ಲಿನ ಸರ್ಕಾರಿ ಹಣಕಾಸು ಸಂಸ್ಥೆ, ಹಳ್ಳಿಯ ಮನೆಗೆ ಸೌರದೀಪ ಕೂರಿಸಿದ್ದನ್ನು ಪರಿಶೀಲಿಸಿದ ಮೇಲೆ ಕೂರಿಸಿದ ಸಂಸ್ಥೆಗೆ ಸಹಾಯಧನ ಕೊಟ್ಟಿತು, ಜೊತೆಗೆ ಮುಂದಿನ ಮನೆಗಳಿಗೆ ಹಣ ಕಡಿಮೆ ಬೀಳದಂತೆ ಆ ಸಂಸ್ಥೆಗೆ ಸಾಲವನ್ನೂ ಒದಗಿಸಿತು. 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ದೀಪ ಬಂತು. ಫಲಕ್ಕೆ ಹಣ, ಕಾಯುವ ಅವಧಿಗೆ ಸಾಲ, ಎರಡನ್ನೂ ಒಂದೇ ಕೈ ಕೊಟ್ಟದ್ದರಿಂದ ಇದು ಸಾಧ್ಯವಾಯಿತು.

ಬೆಂಗಳೂರಿನಲ್ಲಿ 2025ರಲ್ಲಿ ಜಲಮಂಡಳಿ ಸಂಪರ್ಕ ಶುಲ್ಕವನ್ನು ಕಂತಿನಲ್ಲಿ ಕಟ್ಟುವ ಅವಕಾಶ ತಂದಿತು. ಕಾವೇರಿ ನೀರು ಪೂರೈಕೆ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿ ನಗರದ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಬಲ ಬಂದಿದೆ. ರಸ್ತೆಗೆ ಕೊಳವೆ ಬಂದರೂ ಮನೆಗೆ ಸಂಪರ್ಕ ಪಡೆಯದವರು ಅಲ್ಲಿ ಇದ್ದಾರೆ. ತಿಂಗಳ ಸಂಬಳ ಬರುವ ಮನೆಗೆ ಕಂತು ಸಾಕು, ಸಹಾಯಧನ ಬೇಡ. ನಿಮ್ಮ ಹಣವನ್ನು ಕಂತೂ ಕಟ್ಟಲಾಗದವರಿಗೆ ಉಳಿಸಿ.

ಫಲಿತಾಂಶದ ಬಾಂಡ್

ಸಭೆಗಳಲ್ಲಿ ಈ ಹೆಸರು ಬಹಳ ಕೇಳುತ್ತದೆ. ಹೂಡಿಕೆದಾರರು ಮೊದಲು ಹಣ ಹಾಕುತ್ತಾರೆ, ಗುರಿ ಮುಟ್ಟಿದರೆ ದಾನಿಗಳು ಲಾಭದೊಂದಿಗೆ ತೀರಿಸುತ್ತಾರೆ. ರಾಜಸ್ಥಾನದಲ್ಲಿ 2015ರಿಂದ 2018ರವರೆಗೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಇಂಥ ಬಾಂಡ್ ನಡೆಯಿತು; ಕಲಿಕೆಯ ಗುರಿಯ ಶೇ 160ರಷ್ಟು ಸಾಧನೆಯಾಯಿತು. ಕಾಂಬೋಡಿಯಾದಲ್ಲಿ 2019ರಲ್ಲಿ 1,600 ಹಳ್ಳಿಗಳನ್ನು ಬಯಲು ಶೌಚಮುಕ್ತ ಮಾಡಲು 1 ಕೋಟಿ ಡಾಲರಿನ ಬಾಂಡ್ ಬಂತು. ಕಾಯುವ ಭಾರವನ್ನು ತಡೆದುಕೊಳ್ಳಬಲ್ಲ ಹೂಡಿಕೆದಾರರ ಮೇಲೆ ಹಾಕುವ ಈ ಜಾಣ್ಮೆ ಮೆಚ್ಚುವಂಥದು. ಆದರೆ ವಕೀಲರು, ಮಧ್ಯವರ್ತಿಗಳು, ಮೌಲ್ಯಮಾಪಕರು ಇವರೆಲ್ಲರ ಖರ್ಚು ಹೊರಲು ಮೊತ್ತ ದೊಡ್ಡದಿರಬೇಕು. ಒಂದೆರಡು ಕೋಟಿಯ ಕೆಲಸಕ್ಕೆ ಇದರ ಗೊಡವೆ ಬೇಡ.

ಹಾಗಾದರೆ ಯಾವುದನ್ನು ಆರಿಸುವುದು?

ಕೆಲಸ ಮಾಡುವವರು ಎಂಟು ತಿಂಗಳು ಹಣವಿಲ್ಲದೆ ನಿಲ್ಲಬಲ್ಲರೇ ಎಂದು ಮೊದಲು ಕೇಳಿ. ಅದು ಜಲಮಂಡಳಿಯಂಥ ಸಂಸ್ಥೆಯೋ ದೊಡ್ಡ ಗುತ್ತಿಗೆದಾರರೋ ಆಗಿದ್ದು, ಮುಖ್ಯ ಕೊಳವೆ ಓಣಿಯ ಬಾಯಿಗೆ ಬಂದಿದ್ದರೆ, ಫಲ ಕಂಡ ಮೇಲೆ ಹಣ ಎಂಬ ದಾರಿಗೆ ಸಮನಾದದ್ದು ಬೇರೆ ಇಲ್ಲ. ಸಣ್ಣ ಸಂಸ್ಥೆಯಾದರೆ ಮಿಶ್ರ ಕ್ರಮ ಇರಲಿ: ಪೈಪು ಓಣಿಗೆ ಬಂದು ಇಳಿದಾಗ ಶೇ 30, ಮೀಟರ್ ಕೂತು ಆರ್.ಆರ್. ನಂಬರ್ ಬಂದಾಗ ಶೇ 30, ಮೂರು ತಿಂಗಳು ನೀರು ಬಂದದ್ದು ಖಚಿತವಾದ ಮೇಲೆ ಶೇ 40. ಕೊನೆಯ ಕಂತು ಶೇ 10ಕ್ಕೆ ಇಳಿದರೆ ಅದನ್ನು ಬಿಟ್ಟು ಹೋಗುವವರೇ ಹೆಚ್ಚು. ಶೇ 40 ಇದ್ದರೆ ಯಾರೂ ಬಿಟ್ಟು ಹೋಗುವುದಿಲ್ಲ.

ಅಘೋಷಿತ ಜೋಪಡಿಗಳಲ್ಲಿ ಸಹಾಯಧನದ ಮಾತಿಗಿಂತ ಮೊದಲು ಕಾಗದದ ಕೆಲಸ ಆಗಬೇಕು. 2000ದ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾ ನೆರವಿನ ಯೋಜನೆಯೊಂದರಡಿ ಸಿಮೆಂಟ್ ಹಟ್ಸ್, ಸುಧಾಮನಗರ, ಚಂದ್ರನಗರ ಎಂಬ ಮೂರು ಕೊಳೆಗೇರಿಗಳಲ್ಲಿ ಮನೆ ಸಂಪರ್ಕದ ಪ್ರಯೋಗ ನಡೆಯಿತು. ಆಮೇಲೆ ಜಲಮಂಡಳಿ ಸಾಮಾಜಿಕ ಅಭಿವೃದ್ಧಿ ಘಟಕ ಕಟ್ಟಿ, ಕೊಳೆಗೇರಿ ಮನೆಗಳಿಗೆ ಸಂಪರ್ಕ ಶುಲ್ಕ ಇಳಿಸಿ, ಹಕ್ಕುಪತ್ರ ಇಲ್ಲದವರಿಂದ ಪಡಿತರ ಚೀಟಿ, ವಿದ್ಯುತ್ ಬಿಲ್ಲಿನಂಥ ದಾಖಲೆಗಳನ್ನೇ ವಾಸದ ಪುರಾವೆಯಾಗಿ ಒಪ್ಪಿತು. ಆ ಒಂದು ಸಡಿಲಿಕೆ ಎಷ್ಟೋ ಲಕ್ಷ ರೂಪಾಯಿಯ ಅನುದಾನಕ್ಕೆ ಸಮ. ಈ ನೆಲೆಗಟ್ಟು ನಗರದಲ್ಲೇ ಹಾಕಿದ್ದು, ಹೊರಗಿನಿಂದ ಕಲಿಯಬೇಕಾದ್ದಲ್ಲ. ಸ್ಥಳೀಯ ಎಂಜಿನಿಯರ್ ಕಚೇರಿಯಲ್ಲಿ ಕೂತು ಈ ನಿಯಮವನ್ನು ನೆನಪಿಸುವ ಕಾರ್ಯಕರ್ತರ ಸಂಬಳಕ್ಕೆ ಮುಂಗಡ ಹಣ ಕೊಡಿ. ಅದನ್ನು ಫಲಿತಾಂಶಕ್ಕೆ ಕಟ್ಟಬೇಡಿ.

ಕಂಪನಿಯ ನಿಧಿ ನೋಡುವವರಿಗೆ ಇನ್ನೊಂದು ತೊಡಕಿದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ಸಾಮಾಜಿಕ ಹೊಣೆಗಾರಿಕೆಗೆ ಇಟ್ಟ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕೆಂಬ ಅವಸರದಲ್ಲಿ ಮುಂಗಡ ಚೆಕ್ ಬರೆದು ಕೈತೊಳೆದುಕೊಳ್ಳುವುದು ರೂಢಿ. 2021ರ ನಿಯಮಗಳ ಪ್ರಕಾರ ಯೋಜನೆಯನ್ನು ಬಹುವರ್ಷದ ‘ಚಾಲ್ತಿ ಯೋಜನೆ’ ಎಂದು ಘೋಷಿಸಿದರೆ ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಕೊಡಬಹುದು. ಫಲ ಕಂಡ ಮೇಲಿನ ಕಂತಿಗೆ ಕಾಯ್ದೆ ಅಡ್ಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಪಾಸಣೆಯನ್ನು ಕೆಲಸ ಮಾಡಿದವರಿಗೇ ಒಪ್ಪಿಸಬೇಡಿ. 200 ಮನೆಗಳಿದ್ದರೆ ಎಲ್ಲದರ ಮೀಟರ್ ಓದನ್ನು ಬಿಲ್ಲಿನಿಂದ ತೆಗೆದುಕೊಳ್ಳಿ, ಚೀಟಿ ಎತ್ತಿ 30 ಮನೆಗೆ ಹೇಳದೆ ಹೋಗಿ. ಅವುಗಳಲ್ಲಿ ಹತ್ತು ಮನೆಗಳಿಗೆ ನೀರಿಲ್ಲದಿದ್ದರೆ ಅದೇ ಪ್ರಮಾಣದಲ್ಲಿ ಕೊನೆಯ ಕಂತಿನ ಮೂರನೇ ಒಂದು ಭಾಗ ಕಡಿತ. ಓಣಿಗೊಬ್ಬ ಮಹಿಳೆಗೆ ಗೌರವಧನ ಕೊಟ್ಟು, ನೀರು ಬಂದ ದಿನ, ಬಿಟ್ಟ ಹೊತ್ತು, ನಿಂತ ಹೊತ್ತು, ಬಣ್ಣ, ವಾಸನೆ ಬರೆದಿಡಲು ಹೇಳಿ. ನೀರು ಬಿಡುವವರು ರಾತ್ರಿ ಎರಡಕ್ಕೆ ವಾಲ್ವ್ ತಿರುಗಿಸಿದರೆ ಮೀಟರ್ ಅದನ್ನೂ ನೀರೆಂದೇ ಎಣಿಸುತ್ತದೆ. ಬೆಳಿಗ್ಗೆ ಆರಕ್ಕೆ ಮನೆಗೆಲಸಕ್ಕೆ ಹೊರಡುವವಳಿಗೆ ಅದು ಎಂಥ ನೀರು ಎಂಬುದು ಹೀಗೆ ಬರೆದಿಡುವ ಮಹಿಳೆಯ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಆ ಗೌರವಧನ ಪ್ರತಿ ತಿಂಗಳೂ ತಪ್ಪದೆ ಬರಲಿ, ನೀರು ಬರಲಿ ಬಿಡಲಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪಂಚಾಂಗವನ್ನೂ ನೋಡಿ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಯಾವ ನಲ್ಲಿಯೂ ನಿಮ್ಮನ್ನು ಮೆಚ್ಚಿಸುತ್ತದೆ. ಮಳೆಗಾಲದ ತಪಾಸಣೆಗೆ ಹಣ ಬಿಟ್ಟರೆ ಬೇಸಿಗೆಯಲ್ಲಿ ಆ ಮನೆ ಮತ್ತೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತದೆ. ಮೂರು ತಿಂಗಳ ತಪಾಸಣೆ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲೇ ಬರುವಂತೆ ಕಾಮಗಾರಿಯನ್ನು ಸೆಪ್ಟೆಂಬರ್ ಕೊನೆಗೆ ಶುರು ಮಾಡಿಸಿ ಫೆಬ್ರವರಿಯೊಳಗೆ ಮುಗಿಸುವ ಷರತ್ತು ಹಾಕಿ. ಕೊನೆಯ ಕಂತು ಜೂನ್ ಮೊದಲ ವಾರದಲ್ಲಿ ಕೊಡಿ.